ನೀರಿಲ್ಲದ ಟ್ಯಾಂಕಿನ ಗಿಟಾರಿನವನು

"ಕೊನೇಲಿ ಎಂತ ಇತ್ತು?"

ಇದೊಂದು ಪ್ರಶ್ನೆ ಕೇಳಿ ಕೇಳಿ ಅವನು ಮೂರು ತಾಲ್ಲೂಕಿನ ಜನರನ್ನು ಗೋಳು ಹುಯ್ದುಕೊಂಡಿದ್ದ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅವನು ಎದುರು ಬಂದರೆ ಜನ ಮೆಡಿಕಲ್ ಶಾಪಿಗೆ ನುಗ್ಗುತ್ತಿದ್ದರು, ಕಾಯಿಲೆ ಇಲ್ಲದವರೂ. ಅವನು ಮಾಡಿದ ಆಲ್ಬಮ್ಮನ್ನು ಪೂರ್ತಿ ಕೇಳಿದ್ದೇವೆ ಎಂದು ಬಾಯಿಮಾತಿಗೆ ಹೇಳಿ ಸಿಕ್ಕಿಬಿದ್ದವರು ಅವರೆಲ್ಲ. ಕೊನೆಯವರೆಗೆ ಕೇಳಿದವರಿಗೆ ಮಾತ್ರ ಗೊತ್ತಾಗಲಿ ಎಂದು ಅವನು ಅದರ ತುದಿಯಲ್ಲಿ ಏನೋ ಒಂದನ್ನು ಇಟ್ಟಿದ್ದ. ಏನೆಂದು ಯಾರಿಗೂ ಹೇಳುತ್ತಿರಲಿಲ್ಲ. ಒಬ್ಬರು, ಒಬ್ಬರೇ ಒಬ್ಬರು, ಶುರುವಿನಿಂದ ಕೊನೆಯವರೆಗೆ ಕೂತು ಕೇಳಬೇಕು, ಅಷ್ಟೇ ಅವನ ಆಸೆ. ಬೇರೆ ಆಸೆ ಅವನಿಗೆ ಇದ್ದದ್ದನ್ನು ನಾನು ಕಾಣೆ. ಮದುವೆ ಸಹ ಆಗಲಿಲ್ಲ.

ಹೋದ ವರ್ಷ ಸತ್ತ. ಯಾರದೋ ಗೃಹಪ್ರವೇಶಕ್ಕೆ ಮೈಕ್ ಕಟ್ಟಲು ಹೋಗಿದ್ದ. "ಹಲೋ, ಮೈಕ್ ಟೆಸ್ಟಿಂಗ್, ವನ್, ಟೂ" ಎಂದನಂತೆ. ತ್ರೀ ಬರಲಿಲ್ಲ. ಮೈಕ್ ಕೆಟ್ಟಿದೆ ಎಂದು ಚಪ್ಪರದಲ್ಲಿ ಕೂತವರು ಬೈದರಂತೆ. ಸ್ವಲ್ಪ ಹೊತ್ತು ಬೈದ ಮೇಲೆ ಯಾರೋ ಹೋಗಿ ನೋಡಿದರು. ಮೈಕ್ ಸರಿಯಾಗಿಯೇ ಇತ್ತು. ಇವನು ಸ್ಪೀಕರ್ ಡಬ್ಬಕ್ಕೆ ಒರಗಿ ಕೂತಿದ್ದ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯುತ್ತಾರೆ. ನಾನು ಇದ್ದದ್ದನ್ನು ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಹೆಸರು ಹಾಕಿದರೆ ಅವನ ತಂಗಿ ನನ್ನ ಮೇಲೆ ಹರಿಹಾಯುತ್ತಾಳೆ.

ನಾನು ಹಿರೇಕೊಡಿಗೆಯಲ್ಲಿ ಮಂಗ ಕಾಯುವವಳು. ಗೌಡರ ಬಾಳೆತೋಟಕ್ಕೆ ಮಂಗ ಬರದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಕೈಯಲ್ಲಿ ಒಂದು ಕೋಲು, ಬಡಿಯಲು ಒಂದು ತಗಡಿನ ಡಬ್ಬ, ಅದಕ್ಕಿಂತ ಮುಖ್ಯವಾಗಿ ಗಂಟಲು. ನನ್ನ ಕೂಗು ಆಚೆ ಗುಡ್ಡಕ್ಕೆ ಕೇಳುತ್ತದೆ. ಗಂಡ ಇದ್ದಾಗ ಅವನಿಗೂ ಕೇಳುತ್ತಿತ್ತು, ಕೇಳದವನ ಹಾಗೆ ಇರುತ್ತಿದ್ದ. ಮಂಗಗಳು ಹಾಗಲ್ಲ. ಮರ್ಯಾದೆ ಇದ್ದ ಪ್ರಾಣಿಗಳು, ನಾನು ಕೂಗಿದರೆ ಓಡುತ್ತಿದ್ದವು.

ಬಾಳೆತೋಟದ ಮೇಲ್ಗಡೆ ಗುಡ್ಡದ ನೆತ್ತಿಯಲ್ಲಿ ಒಂದು ಸಿಮೆಂಟ್ ಟ್ಯಾಂಕು ಇದೆ. ಅದು ಇವನ ಅಪ್ಪ ಕಟ್ಟಿಸಿದ್ದು. ಗುಂಡಗೆ, ದೊಡ್ಡದಾಗಿ, ಮೇಲೆ ಮುಚ್ಚಿಗೆ ಹಾಕಿ, ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ ಬಿಟ್ಟು ಕಟ್ಟಿಸಿದ. ನೀರು ತುಂಬಿಸಿದ ದಿನವೇ ಬಿರುಕು ಬಿಟ್ಟಿತು. ಮುಚ್ಚಿಸಿದ. ಇನ್ನೊಂದು ಕಡೆ ಬಿಟ್ಟಿತು. ಅಪ್ಪ ಅದೇ ಬೇಜಾರಿನಲ್ಲಿ ಹೋದ. ಆಮೇಲೆ ಅದರೊಳಗೆ ಹಲ್ಲಿ ಬಿಟ್ಟರೆ ಯಾರೂ ಇರಲಿಲ್ಲ, ಇವನು ಗಿಟಾರು ಹಿಡಿದುಕೊಂಡು ಇಳಿಯುವವರೆಗೆ.

ಗಿಟಾರು ಅವನದಲ್ಲ. ಮದುವೆ, ಶಾಲೆ ವಾರ್ಷಿಕೋತ್ಸವ, ಭಾಷಣ ಎಲ್ಲದಕ್ಕೂ ಮೈಕ್‌ಸೆಟ್ ಬಾಡಿಗೆಗೆ ಕೊಡುವುದು ಅವನ ಕಸುಬು. ಎನ್.ಆರ್.ಪುರದಲ್ಲಿ ಒಂದು ಆರ್ಕೆಸ್ಟ್ರಾ ಪಾರ್ಟಿಗೆ ಮೈಕ್ ಕಟ್ಟಿದ್ದ. ಕಾರ್ಯಕ್ರಮ ಮುಗಿಯುವ ಮೊದಲೇ ಅವರಲ್ಲಿ ಜಗಳ ಹತ್ತಿ ಪಾರ್ಟಿ ಒಡೆಯಿತು. ಹಾಡುವವಳು ಒಬ್ಬನ ಜತೆ ಹೋದಳು, ಕೀಬೋರ್ಡು ಇನ್ನೊಬ್ಬನ ಜತೆ ಹೋಯಿತು. ಗಿಟಾರು ಇವನ ವ್ಯಾನಿನಲ್ಲಿ ಉಳಿಯಿತು. ಕೇಳಿಕೊಂಡು ಯಾರೂ ಬರಲಿಲ್ಲ. ಕರೆಂಟಿಗೆ ಹಾಕಿದರೆ ಕೂಗುವ ಗಿಟಾರು ಅದು. ಇವನು ಹಾಕಿದ. ಅವತ್ತಿಂದ ಕೆಟ್ಟ.

ನೋಡಲು ಏನೂ ಇರಲಿಲ್ಲ. ಸಣಕಲು. ಕೂದಲು ಉದ್ದ ಬಿಟ್ಟಿದ್ದಲ್ಲ, ಕತ್ತರಿಸಲು ಮರೆತದ್ದು. ಹೆಬ್ಬೆರಳಿಗೆ ಯಾವಾಗಲೂ ವೈರಿಗೆ ಸುತ್ತುವ ಕಪ್ಪು ಟೇಪು. ಮಾತು ಶುರು ಮಾಡುವ ಮೊದಲು ಎದುರಿಗೆ ಏನಿದೆಯೋ ಅದರ ಮೇಲೆ ಬೆರಳಿನಿಂದ ಎರಡು ಸಲ ಟಕ್ ಟಕ್ ಎಂದು ಬಡಿಯುತ್ತಿದ್ದ, ಮೈಕ್ ಬಡಿದು ನೋಡುವ ಹಾಗೆ. ಮೇಜು, ಕಾಫಿ ಲೋಟ, ಬೇಲಿಯ ಗೂಟ. ಒಮ್ಮೆ ನನ್ನ ಊಟದ ತಟ್ಟೆಗೇ ಬಡಿದ. ಇನ್ನೊಂದು ಸಲ ಬಡಿದರೆ ಬೆರಳು ಮುರಿಯುತ್ತೇನೆ ಎಂದೆ. ಆಮೇಲೆ ನನ್ನ ಹತ್ತಿರ ಮಾತಾಡುವಾಗ ತನ್ನ ಮೊಣಕಾಲಿಗೇ ಬಡಿದುಕೊಳ್ಳುತ್ತಿದ್ದ.

ಟ್ಯಾಂಕಿನೊಳಗೆ ಏನು ಮಾಡುತ್ತಾನೆ ಎಂದು ನಾನು ಒಂದು ದಿನ ಅದರ ಬಾಯಿಯಲ್ಲಿ ಬಗ್ಗಿ ಕೇಳಿದೆ.

"ರಾಕ್ ಮ್ಯೂಸಿಕ್ ಅಕ್ಕ. ಅದರಲ್ಲೂ ಸೈಕೆಡೆಲಿಕ್ ರಾಕ್."

"ಹಂಗಂದ್ರೆ ಎಂತ?"

"ಕಣ್ಣು ಮುಚ್ಕೊಂಡು ಕೇಳಿದ್ರೆ ಬಣ್ಣ ಬಣ್ಣ ಕಾಣ್ತದೆ."

"ಬಣ್ಣ ನೋಡಾದಾದ್ರೆ ಕಣ್ಣು ಬಿಡು ಮಾರಾಯ."

ಅವನಿಗೆ ಬೇಜಾರಾಗಲಿಲ್ಲ. ಟ್ಯಾಂಕಿನಲ್ಲಿ ಒಂದು ತಂತಿ ಮೀಟಿದರೆ ಶಬ್ದ ಗೋಡೆ ಹಿಡಿದು ಸುತ್ತು ಹಾಕಿ, ವಾಪಸ್ ಬಂದು, ಹೊರಗೆ ಹೋಗಲು ದಾರಿ ಕಾಣದೆ ಮತ್ತೆ ಸುತ್ತು ಹಾಕುತ್ತದೆ ಎಂದು ನನಗೆ ವಿವರಿಸಿದ. ಅಪ್ಪನಿಗೆ ನೀರು ನಿಲ್ಲದ ಟ್ಯಾಂಕಿನಲ್ಲಿ ಮಗನಿಗೆ ಶಬ್ದ ನಿಂತಿತು. ಅದನ್ನೇ ಹಿಡಿದು ಇಡೀ ಆಲ್ಬಮ್ ಮಾಡುತ್ತೇನೆ, ಒಂದೇ ಹಾಡು, ನಡುವೆ ನಿಲ್ಲುವುದೇ ಇಲ್ಲ, ಎಂದ. ಎಷ್ಟು ಉದ್ದ ಎಂದು ಕೇಳಿದೆ. ಯೋಚನೆ ಮಾಡಿ, "ಒಂದು ಹಂಡೆ ನೀರು ಕಾಯುವಷ್ಟು" ಎಂದ. ಹಸಿ ಸೌದೆಯಲ್ಲಿ ಕಾಯಿಸುವಷ್ಟು ಎಂದು ಆಮೇಲೆ ಗೊತ್ತಾಯಿತು.

ಜತೆಗೆ ತಾಳಕ್ಕೆ ಜನ ಸಿಗಲಿಲ್ಲ. ಒಬ್ಬ ಬಂದಿದ್ದ, ಟ್ಯಾಂಕಿನೊಳಗೆ ಇಳಿದವನು ತಲೆ ತಿರುಗುತ್ತದೆ ಎಂದು ಹತ್ತಿ ಹೋದ. ಆಗ ಇವನು ಒಂದು ಹಳೆಯ ಡೀಸೆಲ್ ಪಂಪ್‌ಸೆಟ್ ತಂದು ಟ್ಯಾಂಕಿನ ಪಕ್ಕ ಇಟ್ಟ. ಅದು ದಡ್ ದಡ್ ದಡ್ ಎಂದು ಹೊಡೆದುಕೊಳ್ಳುತ್ತಿತ್ತು, ಇವನು ಅದಕ್ಕೆ ಸರಿಯಾಗಿ ಬಾರಿಸುತ್ತಿದ್ದ.

"ಇವನು ತಾಳ ತಪ್ಪಲ್ಲ ಅಕ್ಕ. ಕೈ ಕೊಡಲ್ಲ. ಕುಡಿಯೋದೂ ಡೀಸೆಲ್ ಮಾತ್ರ," ಎಂದು ಪಂಪಿನ ಬೆನ್ನು ತಟ್ಟುತ್ತಿದ್ದ.

ನೀರಿಲ್ಲದ ಟ್ಯಾಂಕಿಗೆ ದಿನಾ ಪಂಪು ಓಡುವುದನ್ನು ಕೇಳಿ ಊರವರಿಗೆ ಅನುಮಾನ ಬಂತು. ಒಳಗೆ ಗಾಂಜಾ ಬೆಳೆಸುತ್ತಾನೆ ಎಂದು ಯಾರೋ ದೂರು ಕೊಟ್ಟರು. ಒಬ್ಬ ಪೊಲೀಸಿನವ ಬಂದ. ಹೊಟ್ಟೆ ದೊಡ್ಡದು, ಟ್ಯಾಂಕಿನ ಬಾಯಿ ಚಿಕ್ಕದು. ಅರ್ಧ ಇಳಿದವನು ಅಲ್ಲೇ ಕೂತ. ಇವನು ಕೆಳಗಿನಿಂದ ನೂಕಿದ, ನಾನು ಮೇಲಿನಿಂದ ಎಳೆದೆ.

"ಒಳಗೆ ಎಂತ ಉಂಟು ಅಂತ ಹೇಳ್ಬಿಡು," ಎಂದ ಪೊಲೀಸಿನವ, ನೆಲಕ್ಕೆ ಬಂದ ಮೇಲೆ.

ಇವನು ಫ್ಲಾಸ್ಕು ಮತ್ತು ಒಂದು ಪೊಟ್ಟಣ ತಂದು ಮುಂದೆ ಇಟ್ಟ. ಕೊತ್ತಂಬರಿ ಜೀರಿಗೆ ಹುರಿದು ಮಾಡಿದ ಕಷಾಯದ ಪುಡಿ. ಪೊಲೀಸಿನವ ಮೂಸಿದ, ಒಂದು ಲೋಟ ಕುಡಿದ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತ.

"ಇದನ್ನ ಕುಡ್ದು ಹಿಂಗೆ ಬಾರಿಸ್ತೀಯಾ?"

"ಹೌದು ಸಾರ್."

"ಅಷ್ಟೇಯಾ?"

"ಅಷ್ಟೇ ಸಾರ್."

ಅವನಿಗೆ ಅದು ಗಾಂಜಾಕ್ಕಿಂತ ಹೆಚ್ಚು ಅನುಮಾನದ ವಿಷಯ ಎನಿಸಿತು. ಪೊಟ್ಟಣವನ್ನು ಹೆಂಡತಿಯ ಶೀತಕ್ಕೆ ಕೇಳಿಕೊಂಡು ಹೋದ.

ನಾನು ಆ ಆಲ್ಬಮ್ಮಿಗೆ ಸೇರಿದ್ದು ಹೀಗೆ. ಅವನು ಒಳಗೆ ಬಾರಿಸುತ್ತಿದ್ದಾಗ ತೋಟಕ್ಕೆ ಮಂಗ ಬಂದವು. ನಾನು ಗುಡ್ಡದ ಮೇಲೇ ಇದ್ದೆ, ಅಲ್ಲಿಂದಲೇ ಕೂಗಿದೆ. ಕೂಗು ಟ್ಯಾಂಕಿನ ಬಾಯಿಯಿಂದ ಒಳಗೆ ಹೋಗಿ ಸುತ್ತು ಹಾಕಿತು. ಇವನು ಏಣಿ ಹತ್ತಿ ತಲೆ ಹೊರಗೆ ಹಾಕಿದ. ಭೂತ ಕಂಡವನ ಮುಖ.

"ಅಕ್ಕ, ಇನ್ನೊಂದ್ಸಲ ಕೂಗು."

"ಮಂಗ ಹೋದ್ವಲ್ಲ."

"ಮಂಗಕ್ಕಲ್ಲ. ನಂಗೆ."

"ನಿನ್ನ ಎಲ್ಲಿಗೆ ಓಡಿಸ್ಲಿ?"

ಸುಮ್ಮನೆ ಕೂಗು ಎಂದರೆ ಬರುವುದಿಲ್ಲ. ಸಿಟ್ಟು ಬರಬೇಕು. ಅವನು ಮೈಕ್ ಹಿಡಿದು ಕಾದ, ನಾನು ಬಾಯಿ ತೆರೆದೆ, ಬಂದದ್ದು ಆಕಳಿಕೆ. ಹೀಗೇ ಒಂದೆರಡು ದಿನ ಹೋಯಿತು. ಒಂದು ಬೆಳಿಗ್ಗೆ ನೋಡಿದರೆ ಟ್ಯಾಂಕಿನ ಮೇಲೆ ಮಂಗಗಳ ದಂಡೇ ಕೂತಿದೆ. ನಡುವೆ ಒಂದು ಹಣ್ಣಾದ ಬಾಳೆಗೊನೆ. ನನಗೆ ಸಿಟ್ಟು ಬರಲಿ ಎಂದು ಇವನೇ ಗೊನೆ ಇಟ್ಟು ಮಂಗ ಕರೆಸಿದ್ದ! ಮಂಗ ಓಡಿಸುವುದರಲ್ಲಿ ತಲೆಗೂದಲು ಬೆಳ್ಳಗಾದವಳು ನಾನು, ನನ್ನ ಎದುರಿಗೆ ಔತಣ ಇಟ್ಟಿದ್ದಾನೆ. ನಾನು ಕೂಗಿದೆ. ಮಂಗ ಓಡಿದವು. ಇವನು ಓಡಲಿಲ್ಲ, ಮೈಕ್ ಹಿಡಿದು ನಗುತ್ತಾ ನಿಂತಿದ್ದ. ಆಲ್ಬಮ್ಮಿನಲ್ಲಿ ಇರುವ ಕೂಗು ಅದೇ. ಅದು ಮಂಗಕ್ಕೆ ಕೂಗಿದ್ದಲ್ಲ, ಅವನಿಗೆ.

ಆ ದಿನಗಳಲ್ಲಿ ಅವನು ಊಟ ತಿಂಡಿಯ ಹೊತ್ತು ನೋಡುತ್ತಿರಲಿಲ್ಲ. ನನ್ನ ಮನೆ ಗುಡ್ಡದ ಬುಡದಲ್ಲೇ. ಒಬ್ಬಳಿಗೆ ಬೇಯಿಸುವುದೂ ಇಬ್ಬರಿಗೆ ಬೇಯಿಸುವುದೂ ಒಂದೇ ಸೌದೆ. ಮಧ್ಯಾಹ್ನ ನಾನು ಹತ್ತಿ ಹೋಗಿ, ಟ್ಯಾಂಕಿಗೆ ಕೋಲಿನಲ್ಲಿ ಬಡಿದು ಕರೆದುಕೊಂಡು ಬರುತ್ತಿದ್ದೆ. ತಿನ್ನುವಾಗಲೂ ಅವನ ಕಾಲು ಪಂಪಿನ ತಾಳಕ್ಕೆ ಕುಣಿಯುತ್ತಿತ್ತು. ಅಡುಗೆ ಹೇಗಿದೆ ಎಂದು ಒಂದು ದಿನವೂ ಹೇಳಲಿಲ್ಲ. ಅವನ ಹಾಡು ಹೇಗಿದೆ ಎಂದು ನಾನು ಮಾತ್ರ ಹೇಳಿದೆ.

"ಚೆನ್ನಾಗಿಲ್ಲ ಮಾರಾಯ. ಮಿಷನ್ ಕೆಟ್ಟ ಹಂಗೆ ಕೇಳ್ತದೆ."

"ಕೆಟ್ಟಿಲ್ಲ ಅಕ್ಕ. ಇರೋದೇ ಹಂಗೆ."

ಈ ಮಾತನ್ನು ಅವನು ಎಲ್ಲದಕ್ಕೂ ಹೇಳುತ್ತಿದ್ದ. ವ್ಯಾನಿಗೆ, ಹುಳುಕು ಹಲ್ಲಿಗೆ, ಟ್ಯಾಂಕಿಗೆ, ತನಗೆ.

ಕೊನೆಗೂ ಮುಗಿಯಿತು. ಎಲ್ಲಿಗೋ ಕಳಿಸಿ ಸಿಡಿ ಮಾಡಿಸಿ ತಂದ. ರಟ್ಟಿನ ಪೆಟ್ಟಿಗೆಗಳು ವ್ಯಾನಿನ ತುಂಬ. ಸಿಡಿಯ ಹೊದಿಕೆಯ ಮೇಲೆ ಟ್ಯಾಂಕಿನ ಚಿತ್ರ, ಅದರ ಬಾಯಿಂದ ನೇರಳೆ, ಹಳದಿ, ಹಸಿರು ಎಲ್ಲ ಉಕ್ಕಿ ಹೊರಗೆ ಬರುತ್ತಿದೆ. ಟ್ಯಾಂಕು ವಾಂತಿ ಮಾಡಿಕೊಂಡಿದೆ ಎಂದೆ. ಆದರೆ ಅಷ್ಟು ಹೊತ್ತಿಗೆ ಸಿಡಿ ಹಾಕುವ ಮಿಷನ್ನು ಎಲ್ಲರ ಮನೆಯಲ್ಲೂ ಕೆಟ್ಟು ಅಟ್ಟ ಸೇರಿತ್ತು. ಜನ ಮೊಬೈಲಿನಲ್ಲಿ ಹಾಡು ಕೇಳುತ್ತಿದ್ದರು. ಇವನು ಟ್ಯಾಂಕಿನೊಳಗೆ ಇದ್ದುದರಿಂದ ಅದು ಇವನಿಗೆ ಗೊತ್ತಾಗಿರಲಿಲ್ಲ.

ಕೇಳಿಸಲು ಜನ ಬೇಕಲ್ಲ. ಶೃಂಗೇರಿ ಕಡೆ ಒಂದು ಮದುವೆಗೆ ಮೈಕ್ ಕಟ್ಟಲು ಹೋದವನು, ಊಟದ ಹೊತ್ತಿಗೆ ಇದನ್ನೇ ಹಾಕಿದ. ಬಡಿಸಲು ನನ್ನನ್ನೂ ಕರೆದಿದ್ದರು, ಹಾಗಾಗಿ ಕಣ್ಣಾರೆ ನೋಡಿದ್ದೇನೆ. ಪಂಪು ಶುರುವಾಯಿತು. ಜನ ಜನರೇಟರ್ ಎಂದುಕೊಂಡರು. ಗಿಟಾರು ಶುರುವಾಯಿತು. ಅಡುಗೆಯವರು ಗ್ಯಾಸ್ ಲೀಕ್ ಆಗುತ್ತಿದೆಯೇ ಎಂದು ಸಿಲಿಂಡರ್ ನೋಡಿದರು. ಹುಡುಗಿಯ ಅಪ್ಪ ಓಡಿ ಬಂದರು.

"ಏ ಮೈಕಿನವ್ನೇ, ನಿನ್ನ ಮಿಷನ್ ಕೆಟ್ಟದೆ ಮಾರಾಯ, ಬಂದ್ ಮಾಡು!"

"ಕೆಟ್ಟಿಲ್ಲ, ಇರೋದೇ ಹಂಗೆ."

"ಇರೋದೇ ಹಿಂಗಾದ್ರೆ ಎಂತಕ್ಕೆ ಹಾಕಿದ್ದು?"

ಅಷ್ಟರಲ್ಲಿ ನನ್ನ ಕೂಗು ಬಂತು. ಮುಂದಿನ ಸಾಲಿನ ಒಬ್ಬ ಅಜ್ಜ ಪಾಯಸ ಬಿಟ್ಟು ಎದ್ದ. ಅವನ ಹಿಂದೆ ಪಂಕ್ತಿಯೇ ಎದ್ದಿತು. ಹುಡುಗಿಯ ಅಪ್ಪನಿಗೆ ಬೈಯುವುದೋ ಬೇಡವೋ ತಿಳಿಯಲಿಲ್ಲ. ಪಾಯಸ ಕಡಿಮೆ ಬೀಳುತ್ತದೆ ಎಂದು ಬೆಳಗಿನಿಂದ ಹೆದರಿಕೊಂಡಿದ್ದರು, ಈಗ ಉಳಿಯಿತು. ಮುಂದಿನ ಪಂಕ್ತಿಗೂ ಸ್ವಲ್ಪ ಹಾಕು ಎಂದು ಇವನ ಕಿವಿಯಲ್ಲಿ ಹೇಳಿ ಹೋದರು.

ಇವನು ಹಾಕಲಿಲ್ಲ. ವ್ಯಾನಿನಲ್ಲಿ ವಾಪಸ್ ಬರುವಾಗ, "ಊಟ ಮುಗಿಯೋ ಮೊದ್ಲೇ ಎದ್ರು, ಹಾಡು ಮುಗಿಯೋ ಮೊದ್ಲೂ ಎದ್ರು," ಎಂದು ಅಷ್ಟೇ ಹೇಳಿದ.

ಉಳಿದ ಸಿಡಿಗಳನ್ನು ಸಿಕ್ಕಿದವರಿಗೆಲ್ಲ ಹಂಚಿದ. ಮುತ್ತಿನಕೊಪ್ಪದಲ್ಲಿ ಅವನ ದೂರದ ನೆಂಟರೊಬ್ಬರಿಗೆ ಒಂದು ಪೆಟ್ಟಿಗೆಯೇ ಕೊಟ್ಟು, ನಿಮ್ಮ ಕಡೆಯವರಿಗೆಲ್ಲ ಕೊಡಿ ಎಂದು ಬಂದ. ಭತ್ತ ಹಾಲು ತುಂಬುವ ಕಾಲದಲ್ಲಿ ಬಸ್ಸಿನಲ್ಲಿ ಆ ದಾರಿಯಾಗಿ ಹೋಗುತ್ತಿದ್ದವನು ಕಿಟಕಿಯಿಂದ ನೋಡುತ್ತಾನೆ, ಗದ್ದೆಗದ್ದೆಯೂ ಮಿಣಿಮಿಣಿ. ಹಕ್ಕಿ ಹೆದರಲಿ ಎಂದು ಸಿಡಿಗಳನ್ನು ದಾರಕ್ಕೆ ಕಟ್ಟಿ ಗೂಟಕ್ಕೆ ತೂಗುಹಾಕಿದ್ದರು. ಬಸ್ಸು ನಿಲ್ಲಿಸಿ ಇಳಿದ.

"ಕೇಳಿದ್ರಾ?" ಎಂದನಂತೆ ನೆಂಟನಿಗೆ.

"ಕೇಳೋದೆಂತದು, ಒಂದು ಹಕ್ಕಿ ಹತ್ರ ಸುಳಿಯಾದಿಲ್ಲ ಮಾರಾಯ! ಭಾರೀ ಒಳ್ಳೆ ಐಟಂ. ಇನ್ನೊಂದು ಪೆಟ್ಟಿಗೆ ಇದ್ರೆ ಕೊಡು."

ಬಂದು ನನಗೆ ಹೇಳಿದ. ಅಳುತ್ತಾನೆ ಎಂದುಕೊಂಡೆ. ಅವನು ಮೊಣಕಾಲಿಗೆ ಟಕ್ ಟಕ್ ಎಂದು ಬಡಿದುಕೊಂಡು, "ಬಿಸಿಲಿಗೆ ತಿರುಗ್ತಿದ್ವು ಅಕ್ಕ. ಗದ್ದೆ ತುಂಬ ಬಣ್ಣ ಬರ್ತಿತ್ತು. ನಾನು ಹೇಳಿರ್ಲಿಲ್ವಾ, ಬಣ್ಣ ಕಾಣ್ತದೆ ಅಂತ?" ಎಂದ.

"ಕೊನೇಲಿ ಎಂತ ಇತ್ತು ಅಂತ ಕೇಳಿದ್ಯಾ ಅವ್ರಿಗೆ?"

"ಕೇಳ್ದೆ. ದಾರ ಅಂದ್ರು."

ಇದಕ್ಕೆ ನಾನು ನಕ್ಕೆ. ಅವನೂ ನಕ್ಕ. ಆಮೇಲೆ ಅವನು ನಿಲ್ಲಿಸಿದ, ನನಗೆ ನಿಲ್ಲಿಸಲು ಆಗಲಿಲ್ಲ.

ಮಂಗಗಳ ವಿಷಯ ಆಮೇಲಿನದು. ದೂರದಿಂದ ತನ್ನ ಹಾಡು ಹೇಗೆ ಕೇಳುತ್ತದೆ ನೋಡಬೇಕು ಎಂದು ಒಂದು ದಿನ ಸ್ಪೀಕರನ್ನು ಬಾಳೆತೋಟದ ಅಂಚಿನಲ್ಲಿ ಇಟ್ಟು, ತಾನು ರಸ್ತೆಗೆ ಹೋಗಿ ನಿಂತ. ತೋಟದಲ್ಲಿ ಮಂಗ ಇದ್ದವು. ಪಂಪಿಗೆ ಅವು ಹೆದರಲಿಲ್ಲ, ಗಿಟಾರಿಗೆ ತಲೆ ಎತ್ತಿ ನೋಡಿದವು. ನನ್ನ ಕೂಗು ಬಂದದ್ದೇ ತಡ, ಮರಿಗಳನ್ನು ಹೊಟ್ಟೆಗೆ ಅವಚಿಕೊಂಡು ಓಡಿದವು. ತೋಟದ ಗೌಡರು ಅಂಗಳದಿಂದ ಇದನ್ನು ನೋಡಿದರು.

"ಅದೆಂತದಾ ನಿಂದು? ಅದು ನಂಗೊಂದು ಬೇಕಲ್ಲ."

ತನ್ನ ಆಲ್ಬಮ್ ಬೇಕು ಎಂದು ಬಾಯಿ ಬಿಟ್ಟು ಕೇಳಿದ ಮೊದಲ ಮನುಷ್ಯ. ಇವನಿಗೆ ಖುಷಿ ತಡೆಯಲಾಗಲಿಲ್ಲ. ಗೌಡರಿಗಾಗಿ ಅದನ್ನು ಪೆನ್‌ಡ್ರೈವಿಗೆ ಹಾಕಿ, ಪುಟ್ಟ ಸ್ಪೀಕರ್ ಡಬ್ಬಕ್ಕೆ ಸಿಕ್ಕಿಸಿ, ಬ್ಯಾಟರಿ ಜೋಡಿಸಿ ಕೊಟ್ಟ. ಗೌಡರು ಅದನ್ನು ತೋಟದ ನಡುವಿನ ಗೂಟಕ್ಕೆ ಕಟ್ಟಿ, ಸ್ವಿಚ್ ಹಾಕಿ, ಮನೆಗೆ ಹೋಗಿ ಮಲಗಿದರು. ಸುದ್ದಿ ಹಬ್ಬಿತು. ಕೊಪ್ಪ ಕಡೆಯವರು ಬಂದರು, ಬಾಳೆಹೊನ್ನೂರು ಕಡೆಯವರು ಬಂದರು, ಕೆರೆಕಟ್ಟೆಯಿಂದ ಅವನ ತಂಗಿಯ ಊರಿನವರು ಜೀಪು ಮಾಡಿಕೊಂಡು ಬಂದರು. ಅಣ್ಣನನ್ನು ಕೆಲಸಕ್ಕೆ ಬಾರದವನು ಎನ್ನುತ್ತಿದ್ದ ತಂಗಿಯೂ ಒಂದು ಡಬ್ಬ ಒಯ್ದಳು. ಮೂರು ತಾಲ್ಲೂಕಿನ ತೋಟಗಳಲ್ಲಿ ಬೆಳಗಿನಿಂದ ಸಂಜೆವರೆಗೆ ಸೈಕೆಡೆಲಿಕ್ ರಾಕು. ಕೇಳುವವರು ಮಾತ್ರ ಯಾರೂ ಇಲ್ಲ. ಎಲ್ಲರೂ ಸ್ವಿಚ್ ಹಾಕಿ ದೂರ ಹೋಗುವವರೇ. ದೂರ ಹೋಗಬಹುದು ಎಂದೇ ಅಲ್ಲವೇ ಡಬ್ಬ ಇಟ್ಟದ್ದು.

ಗೌಡರು ನನ್ನನ್ನು ಕೆಲಸದಿಂದ ಬಿಡಿಸಿದರು. "ನಿನ್ನ ಕೂಗು ಡಬ್ಬದಾಗೇ ಅದೆಯಲ್ಲ, ನೀನೆಂತಕ್ಕೆ?" ಎಂದರು. ನನ್ನ ಗಂಟಲೇ ನನ್ನ ಕೆಲಸ ಕಿತ್ತುಕೊಂಡಿತು. ನಾನು ಕೋಲು ಹಿಡಿದು ಟ್ಯಾಂಕಿಗೆ ಹತ್ತಿದೆ.

"ನಿನ್ನ ಹಾಡಿಗೆ ಮಂಗ ಓಡ್ತಾವೆ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀಯಲ್ಲ. ಓಡೋದು ನನ್ನ ಕೂಗಿಗೆ ಮಾರಾಯ. ನನ್ನ ಕೂಗು ತೆಗ್ದು ಹಾಕು ನೋಡಾಣ."

ಅವನು ಹೌದೋ ಅಲ್ಲವೋ ನೋಡಿಯೇ ಬಿಡೋಣ ಎಂದ. ನನ್ನ ಕೂಗು ತೆಗೆದು ಬರೀ ಗಿಟಾರು, ಪಂಪು ಇಟ್ಟು ತೋಟದಲ್ಲಿ ಹಾಕಿದ. ಇಬ್ಬರೂ ಬೇಲಿಯ ಹಿಂದೆ ಕೂತೆವು. ಮಂಗ ಬಂದವು. ಓಡಲಿಲ್ಲ. ಒಂದು ಮುದಿ ಗಡವ ಡಬ್ಬದ ಎದುರಿನ ಕಲ್ಲಿನ ಮೇಲೆ ಕೂತು, ಬೆನ್ನು ಕೆರೆದುಕೊಳ್ಳುತ್ತಾ, ಆಚೆ ಈಚೆ ನೋಡದೆ ಕೇಳಿತು.

ನಾನು ಗೆದ್ದೆ ಎಂದುಕೊಂಡು ತಿರುಗಿದರೆ ಇವನ ಮುಖ ಅರಳಿದೆ.

"ಎದ್ದು ಹೋಗಿಲ್ಲ ನೋಡು," ಎಂದು ಪಿಸುಗುಟ್ಟಿದ. "ಅಕ್ಕ, ಎದ್ದು ಹೋಗಿಲ್ಲ!"

ಆದರೆ ಮಂಗಗಳಿಗೆ ಬುದ್ಧಿ ಇದೆ. ಕೂಗುವ ಹೆಂಗಸು ಡಬ್ಬದಿಂದ ಹೊರಗೆ ಬರುವುದಿಲ್ಲ ಎಂದು ಒಂದು ಮಳೆಗಾಲ ಕಳೆಯುವುದರೊಳಗೆ ಅವಕ್ಕೆ ತಿಳಿಯಿತು. ಆಮೇಲೆ ನನ್ನ ಕೂಗಿಗೂ ಓಡಲಿಲ್ಲ. ದೂರುಗಳು ಶುರುವಾದವು. ಕೆರೆಕಟ್ಟೆಯವನೊಬ್ಬ ಬಂದು ಇವನ ಎದುರೇ ಡಬ್ಬ ಕುಕ್ಕಿದ.

"ನಿಮ್ಮ ಡಬ್ಬ ಶುರು ಆದ ಕೂಡ್ಲೇ ಮಂಗ ಬಂದು ಕಾಡಿನ ಅಂಚಲ್ಲಿ ಕೂತ್ಕತಾವೆ ಮಾರಾಯ್ರೆ. ಮದ್ವೆ ಮನೇಲಿ ಎರಡನೇ ಪಂಕ್ತಿಗೆ ಕಾಯೋರ ಹಂಗೆ. ಪೂರ್ತಿ ಮುಗಿಯೋ ತನಕ ಒಂದೂ ಅಲ್ಲಾಡಾದಿಲ್ಲ. ಮುಗೀತೋ, ಸಾಲಾಗಿ ಇಳ್ದು ಬರ್ತಾವೆ."

"ಪೂರ್ತಿ ಮುಗಿಯೋ ತನಕ?" ಎಂದ ಇವನು.

"ಹೌದು."

"ನಡುವೆ ಎದ್ದು ಹೋಗಲ್ವಾ?"

"ಇಲ್ಲ ಅಂದ್ನಲ್ಲ!"

ಇವನು ಆ ಮನುಷ್ಯನ ಕೈ ಹಿಡಿದುಕೊಂಡ, ಬಿಡಲಿಲ್ಲ. ಬಾಳೆಗೊನೆ ಕಳೆದುಕೊಂಡವನು ಬೈಯಲು ಬಂದು, ಕಷಾಯ ಕುಡಿದು, ಏನಾಯಿತೆಂದು ತಿಳಿಯದೆ ಹೋದ.

ಜನ ಡಬ್ಬ ಬಿಚ್ಚಿದರು. ಗೌಡರು ನನ್ನನ್ನು ವಾಪಸ್ ಕರೆದರು. ಕೆಲಸ ಮೊದಲಿಗಿಂತ ಕಷ್ಟವಾಯಿತು. ಕೂಗಿ, ಡಬ್ಬದ ಹೆಂಗಸಲ್ಲ ಎಂದು ತೋರಿಸಲು ಹಿಂದೆಯೇ ಓಡಬೇಕಿತ್ತು. ನನ್ನ ಮಂಡಿ ಹಾಳಾದದ್ದು ಅವನ ಆಲ್ಬಮ್ಮಿನಿಂದ.

ಮಂಗಗಳು ಪೂರ್ತಿ ಕೇಳುತ್ತವೆ ಎಂದು ತಿಳಿದ ಮೇಲೆ ಅವನ ಕಾಟ ನಿಲ್ಲುತ್ತದೆ ಎಂದುಕೊಂಡಿದ್ದೆ. ಹೆಚ್ಚಾಯಿತು. ಮಂಗಕ್ಕೆ ಆಗುವುದು ಮನುಷ್ಯರಿಗೆ ಯಾಕೆ ಆಗುವುದಿಲ್ಲ ಎಂದು ಶುರು ಮಾಡಿದ. ಆ ಹೊತ್ತಿಗೆ ಒಂದು ಜೋಡಿ ಬಂತು. ಎಲ್ಲಿಂದಲೋ ದೂರದಿಂದ ಬೈಕಿನಲ್ಲಿ. ಗಂಡಿಗೂ ಹೆಣ್ಣಿಗೂ ಒಂದೇ ಥರ ಜುಟ್ಟು. ಇವನ ಆಲ್ಬಮ್ ಯಾರೋ ಮೊಬೈಲಿಗೆ ಹಾಕಿದ್ದಾರಂತೆ, ಎಲ್ಲೆಲ್ಲಿಯವರೋ ಕೇಳುತ್ತಾರಂತೆ, ಟ್ಯಾಂಕು ನೋಡಬೇಕಂತೆ. ಟ್ಯಾಂಕಿನೊಳಗೆ ಇಳಿದು ಚಾಪೆ ಹಾಸಿ, ಆಲ್ಬಮ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತರು. ನಾನು ನನ್ನ ಕೆಲಸಕ್ಕೆ ಹೋಗಿ ಬಂದೆ, ಆಗಲೂ ಕೂತಿದ್ದರು. ಸೊಳ್ಳೆ ಕಚ್ಚಿ ಮುಖ ಊದಿತ್ತು. ಇದು ಮ್ಯೂಸಿಕ್ ಅಲ್ಲ, ಒಂದು ಯಾತ್ರೆ ಎಂದು ಆ ಹುಡುಗಿ ಇವನ ಕಾಲಿಗೆ ಬಿದ್ದಳು.

ಇವನು ಏಣಿಗೆ ಟಕ್ ಟಕ್ ಎಂದು ಬಡಿದ. ಗಂಟಲು ಸರಿಮಾಡಿಕೊಂಡ.

"ಕೊನೇಲಿ ಎಂತ ಇತ್ತು?"

"ಸರ್, ಕೊನೆ ತನಕ ನಾವು ಇರೋದೇ ಇಲ್ಲ," ಎಂದ ಹುಡುಗ. "ಅದಕ್ಕೂ ಮುಂಚೆ ಬೇರೆ ಲೋಕಕ್ಕೆ ಹೋಗ್ಬಿಡ್ತೀವಿ."

"ನಿದ್ದೆ ಬರ್ತದೆ ಅಂತ ಹೇಳ್ತಿದಾರೆ," ಎಂದೆ ನಾನು.

ಅವತ್ತು ಅವನು ಊಟ ಮಾಡಲಿಲ್ಲ. ಹೋಗುವಾಗ ನನ್ನ ಹತ್ತಿರ, "ಅಕ್ಕ, ನೀನಾದ್ರೂ ಒಂದ್ಸಲ ಕೇಳೇ," ಎಂದ. ಮಂಗ ಕಾಯುವವಳಿಗೆ ಕೂರಲು ಪುರುಸೊತ್ತು ಎಲ್ಲಿದೆ ಎಂದೆ. ಇದ್ದದ್ದೇ ಹೇಳಿದೆ. ಅವನಿಗೂ ಗೊತ್ತಿತ್ತು. "ನೀನು ಕೇಳ್ದೆ ಅಂತ ಸುಳ್ಳು ಹೇಳಲ್ಲ, ಅದೇ ಒಂದು ಸಮಾಧಾನ," ಎಂದ.

ಸತ್ತ ಮೇಲೆ ತಂಗಿ ಬಂದು ಮೈಕ್‌ಸೆಟ್ ಮಾರಿದಳು, ಪಂಪ್‌ಸೆಟ್ ಮಾರಿದಳು. ಗಿಟಾರು ಕೊಳ್ಳಲು ಯಾರೂ ಬರಲಿಲ್ಲ, ಅದು ಮತ್ತೆ ಒಂದು ವ್ಯಾನಿನಲ್ಲಿ ಉಳಿಯಿತು. ಒಂದು ಡಬ್ಬ ನನ್ನ ಜಗಲಿಯ ಮೇಲೆ ಇಟ್ಟು, "ನಿಮ್ಮ ಗಂಟಲೂ ಅದ್ರಾಗೆ ಅದೆಯಂತಲ್ಲ, ಇಟ್ಕಳಿ," ಎಂದು ಹೋದಳು.

ನನ್ನ ಮಂಡಿ ಈಗ ಪೂರ್ತಿ ಹೋಗಿದೆ. ಓಡಲು ಆಗುವುದಿಲ್ಲ. ತೋಟದ ಅಂಚಿನಲ್ಲಿ ಕೂತು ಕೋಲು ಆಡಿಸುತ್ತೇನೆ. ಕೂರುವುದೇ ಕೆಲಸ ಆದಾಗ ಕೇ‍ಳಲು ಅಡ್ಡಿ ಏನು? ಮೊನ್ನೆ ಒಂದು ಮಧ್ಯಾಹ್ನ ಡಬ್ಬ ತಂದು ಪಕ್ಕದಲ್ಲಿ ಇಟ್ಟುಕೊಂಡು ಸ್ವಿಚ್ ಹಾಕಿದೆ. ಪಂಪು ಶುರುವಾಯಿತು. ಎದುರಿನ ಹಲಸಿನ ಮರ ಅಲ್ಲಾಡಿತು. ಮಂಗಗಳು ಬಂದು ಕೊಂಬೆಗೊಂದರಂತೆ ಕೂತವು. ನಾನು ಓಡಿಸಲಿಲ್ಲ. ಅವು ತೋಟಕ್ಕೆ ಇಳಿದಿರಲಿಲ್ಲ, ಕೇಳಲು ಬಂದಿದ್ದವು.

ಹಾಡು ಈಗಲೂ ಚೆನ್ನಾಗಿಲ್ಲ. ಕಣ್ಣು ಮುಚ್ಚಿ ನೋಡಿದೆ, ಬಣ್ಣ ಕಾಣಲಿಲ್ಲ. ಗಿಟಾರು ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುತ್ತಿತ್ತು, ಬಾಗಿಲು ಎಲ್ಲಿಟ್ಟೆ ಎಂದು ಮರೆತವನ ಹಾಗೆ. ನಡುವೆ ನನ್ನ ಕೂಗು ಬಂತು. ಆಗ ನನ್ನ ಗಂಟಲು ಎಷ್ಟು ಚೆನ್ನಾಗಿತ್ತು! ಮಂಗಗಳು ಕಿವಿ ಸಹ ಅಲ್ಲಾಡಿಸಲಿಲ್ಲ. ನಿದ್ದೆ ಬಂತು, ತೊಡೆ ಚಿವುಟಿಕೊಂಡು ಕೂತೆ. ಕಡೆಗೆ ಗಿಟಾರು ನಿಂತಿತು. ಪಂಪು ಕೆಮ್ಮಿ ಕೆಮ್ಮಿ ನಿಂತಿತು. ಇಷ್ಟೇನಾ ಎಂದು ಕೋಲು ಊರಿ ಎದ್ದೆ.

ಮಂಗಗಳು ಏಳಲಿಲ್ಲ. ಇನ್ನೂ ಇದೆ ಎಂದು ಅವಕ್ಕೆ ಗೊತ್ತಿತ್ತು.

ನಾನೂ ಕೂತೆ. ಡಬ್ಬದಲ್ಲಿ ಏನೂ ಇಲ್ಲ, ಟ್ಯಾಂಕಿನ ಒಳಗಿನ ಗಾಳಿ ಮಾತ್ರ. ಆಮೇಲೆ ಸಿಮೆಂಟಿಗೆ ಕೋಲು ಬಡಿದ ಶಬ್ದ, ಅದರ ಹಿಂದೆ ನಾನು.

"ಏ ಮಾರಾಯ! ಹೊತ್ತು ಎಷ್ಟಾತು ಗೊತ್ತಾ? ಊಟಕ್ಕೆ ಬಾ! ಬಾಳೆಕಾಯಿ ಹುಳಿ ಮಾಡೀನಿ, ತಣ್ಣಗಾದ್ರೆ ನಾಯಿಗೆ ಹಾಕ್ತೀನಿ!"

ಆ ಮಾತು ಟ್ಯಾಂಕಿನಲ್ಲಿ ಸುತ್ತು ಹಾಕಿತು. ಊಟಕ್ಕೆ ಬಾ, ಊಟಕ್ಕೆ ಬಾ, ಬಾ, ಬಾ. ಟಕ್ ಟಕ್ ಎಂದು ಯಾರೋ ಗೋಡೆಗೆ ಬೆರಳು ಬಡಿದರು.

"ಬಂದೆ ಅಕ್ಕ. ಮುಗೀತು."

ಅಷ್ಟೇ. ಆಮೇಲೆ ಏನೂ ಇಲ್ಲ.

ಮಂಗಗಳು ಹಲಸಿನ ಮರದಿಂದ ಸಾಲಾಗಿ ಇಳಿದವು. ಅವಸರ ಇಲ್ಲ. ಮುದಿ ಗಡವ ಮುಂದೆ, ಮರಿಗಳು ಹಿಂದೆ. ನನ್ನ ಪಕ್ಕದಿಂದಲೇ ಹಾದು ತೋಟಕ್ಕೆ ಹೋದವು. ಇಷ್ಟು ವರ್ಷ ಓಡಿಸಿದವಳ ಗಂಟಲಿನಿಂದಲೇ ಅವಕ್ಕೆ ದಿನಾ ಕರೆ ಹೋಗುತ್ತಿತ್ತು, ಮೂರು ತಾಲ್ಲೂಕಿನಲ್ಲೂ. ಕೋಲು ಕೈಯಲ್ಲೇ ಇತ್ತು. ಎತ್ತಲಿಲ್ಲ. ಕರೆದು ಹೊಡೆಯುವುದು ನನಗೆ ಗೊತ್ತಿಲ್ಲ.

ಸಂಜೆ ಗೌಡರು ಬಂದು ನೋಡಿದರು. ಒಳ್ಳೆಯ ಗೊನೆಯೊಂದು ಹೋಗಿತ್ತು, ಸಿಪ್ಪೆ ನನ್ನ ಕಾಲ ಬುಡದ ತನಕ ಬಿದ್ದಿತ್ತು.

"ನೀನು ಇಲ್ಲೇ ಕೂತಿದ್ಯಲ್ಲೇ! ಹೆಂಗೆ ಬಂದ್ವು?"

"ಕರ್ದೆ. ಬಂದ್ವು," ಎಂದೆ.